ಶುವೈಖಿನಲ್ಲಿ ಕಟ್ಟಿದ ಸಾವಿನ ಕೋಣೆ

ಕೋಣೆಯ ನಕ್ಷೆ ನನ್ನ ಕೈಗೆ ಬಂದಾಗ ಅದರಲ್ಲಿ ಒಂದು ಹೆಣವೂ ಇತ್ತು. ಬಾಗಿಲು, ಕಿಟಕಿ, ಒಲೆ ಎಲ್ಲಕ್ಕೂ ಅಳತೆ ಹಾಕಿದ ಹಾಗೆ ಹೆಣಕ್ಕೂ ಅಳತೆ ಹಾಕಿದ್ದರು. ಉದ್ದ ನೂರ ಎಪ್ಪತ್ತು ಸೆಂಟಿಮೀಟರ್, ತಲೆ ಪೂರ್ವಕ್ಕೆ, ಕಾಲು ಬಾಗಿಲಿಗೆ. ಜಿಪ್ಸಂ ಗೋಡೆ, ಫಾಲ್ಸ್ ಸೀಲಿಂಗ್, ಎ.ಸಿ. ಡಕ್ಟ್ ಹಾಕಿಸುವ ಫೋರ್‌ಮನ್ ನಾನು. ಬ್ಯೂಟಿ ಪಾರ್ಲರ್ ಕಟ್ಟಿದ್ದೇನೆ, ಹಲ್ಲಿನ ಕ್ಲಿನಿಕ್ ಕಟ್ಟಿದ್ದೇನೆ, ಒಮ್ಮೆ ಗಿಡುಗಗಳ ಆಸ್ಪತ್ರೆಯನ್ನೂ ಕಟ್ಟಿದ್ದೇನೆ. ಹೆಣಕ್ಕೆ ಜಾಗ ಬಿಟ್ಟು ಕೋಣೆ ಕಟ್ಟಿದ್ದು ಅದೇ ಮೊದಲು.

ಶುವೈಖ್ ಇಂಡಸ್ಟ್ರಿಯಲ್ ಏರಿಯಾದಲ್ಲಿ ಟಯರ್ ಅಂಗಡಿಗಳ ಹಿಂದೆ ನಮ್ಮ ಮಾಲೀಕರದ್ದೊಂದು ಗೋದಾಮು ಖಾಲಿ ಬಿದ್ದಿತ್ತು. ಅವರೇ ನನ್ನ ಕಫೀಲ್ ಕೂಡ. ಈ ಗಲ್ಫ್ ದೇಶದಲ್ಲಿ ನನ್ನ ಇರವು ಅವರ ಸಹಿಯ ಮೇಲೆ ನಿಂತದ್ದು. ಆ ಗೋದಾಮಿನಲ್ಲಿ ಒಂದು ಆಟದ ಮನೆ ತೆರೆಯುವ ಯೋಚನೆ ಅವರಿಗೆ ಬಂತು. ಟಿಕೆಟ್ ಕೊಂಡು ಬಂದವರು ಒಂದು ಕೊಲೆಯ ಗುಟ್ಟನ್ನು ಸುಳಿವುಗಳ ಮೂಲಕ ಬಿಡಿಸಬೇಕು. ಇಲ್ಲಿಯ ಯುವಕ ಯುವತಿಯರಿಗೆ ಕೊರಿಯಾದ ಸೀರಿಯಲ್ ಎಂದರೆ ಪ್ರಾಣ. ಹಾಗಾಗಿ ಕೊಲೆ ನಡೆಯುವುದು ಕೊರಿಯಾದಲ್ಲಿ, ಅದೂ ಜಪಾನಿನವರು ಆ ದೇಶವನ್ನು ಆಳುತ್ತಿದ್ದ ಕಾಲದಲ್ಲಿ. ಕಥೆ ಬರೆದು ನಕ್ಷೆ ಮಾಡಲು ಸಿಯೋಲ್‌ನಿಂದ ಒಬ್ಬ ಮಹಿಳೆಯನ್ನು ಕರೆಸಿದ್ದರು. ನಾವೆಲ್ಲ ಅವರನ್ನು ಮೇಡಂ ಎನ್ನುತ್ತಿದ್ದೆವು.

ಮೇಡಂ ಮೊದಲ ದಿನವೇ ಚಹಾ ಕುಡಿಯುತ್ತ ಇಂಗ್ಲಿಷಿನಲ್ಲಿ ನಿಧಾನವಾಗಿ ಕಥೆ ಹೇಳಿದರು. ಜಪಾನಿ ಪೊಲೀಸರಿಗೆ ದುಭಾಷಿಯಾಗಿದ್ದ ಒಬ್ಬ ಕೊರಿಯನ್ ಮುದುಕ. ಚಳಿಗಾಲದ ಒಂದು ಬೆಳಿಗ್ಗೆ ತನ್ನ ಕೋಣೆಯಲ್ಲಿ ಸತ್ತು ಬಿದ್ದಿದ್ದಾನೆ. ಮೈಮೇಲೆ ಗಾಯವಿಲ್ಲ. ಬಾಗಿಲಿಗೆ ಒಳಗಿನಿಂದ ಚಿಲಕ. ಚಿಲಕ ಎಂದರೆ ಬೇರೇನಲ್ಲ, ಬಾಗಿಲಿನ ಎರಡು ಕಬ್ಬಿಣದ ಬಳೆಗಳಿಗೆ ಅಡ್ಡ ತೂರಿಸಿದ ಹಿತ್ತಾಳೆ ಚಮಚ. ಅಲ್ಲಿ ಹಳೆಯ ಮನೆಗಳಲ್ಲಿ ಹಾಗೆಯೇ ಮಾಡುತ್ತಿದ್ದರಂತೆ. ಪೊಲೀಸರು ಬಂದು ಅಡುಗೆಯವಳನ್ನು ಹಿಡಿದುಕೊಂಡು ಹೋಗುತ್ತಾರೆ. ಆದರೆ ಕೊಂದದ್ದು ಸೋದರಳಿಯ. ಆ ಮನೆಗಳಲ್ಲಿ ಅಡುಗೆ ಒಲೆಯ ಹೊಗೆ ನೆಲದ ಕಲ್ಲುಗಳ ಕೆಳಗೆ ಹಾದು ಆಚೆ ಬದಿಯ ಚಿಮಣಿಯಿಂದ ಹೊರಗೆ ಹೋಗುತ್ತದೆ. ಅದರಿಂದ ನೆಲ ಬೆಚ್ಚಗಾಗುತ್ತದೆ, ಜನ ನೆಲದ ಮೇಲೆಯೇ ಕೂರುತ್ತಾರೆ, ಮಲಗುತ್ತಾರೆ. ಕಲ್ಲಿನ ಸಂದಿಯಿಂದ ಹೊಗೆ ಬರದಿರಲಿ ಎಂದು ಎಣ್ಣೆ ಹಚ್ಚಿದ ಕಾಗದ ಅಂಟಿಸಿರುತ್ತಾರೆ. ಸೋದರಳಿಯ ಹಗಲಲ್ಲೇ ಹಾಸಿಗೆಯ ಅಡಿಯ ಕಾಗದ ಕಿತ್ತಿಟ್ಟು, ರಾತ್ರಿ ಚಿಮಣಿಗೆ ಹುಲ್ಲು ತುರುಕಿದ. ವಿಷದ ಹೊಗೆ ಹಿಂದೆ ತಿರುಗಿ ಮುದುಕನ ಮೂಗಿಗೆ ಬಂತು.

"ಹಾಗಾದರೆ ಆ ರಾತ್ರಿ ಕೊಲೆಗಾರ ಕೋಣೆಯೊಳಗೆ ಕಾಲೇ ಇಡಲಿಲ್ಲ?" ಎಂದೆ.

"ಇಡುವ ಅಗತ್ಯವೇ ಇರಲಿಲ್ಲ" ಎಂದರು ಮೇಡಂ.

ನನ್ನ ತಲೆಗೆ ಬೇರೆಯೇ ಸಂಶಯ ಬಂತು. ನಕ್ಷೆಯಲ್ಲಿ ಬಾಗಿಲು ಮರದ ಚೌಕಟ್ಟಿಗೆ ಕಾಗದ ಅಂಟಿಸಿದ್ದು. ಕಾಗದದ ಬಾಗಿಲಿಗೆ ಚಿಲಕ ಹಾಕಿದರೇನು, ಬೆರಳು ಚುಚ್ಚಿದರೆ ಹರಿಯುತ್ತದಲ್ಲ? ಮೇಡಂ ಹೇಳಿದ ಉತ್ತರ ಈಗಲೂ ನೆನಪಿದೆ. ಬೆಳಗಿನ ಜಾವ ಮುದುಕ ನರಳಿದ್ದು ಮನೆಯವರಿಗೆಲ್ಲ ಕೇಳಿಸಿತ್ತು. ಐದು ಮಂದಿ ಜಗಲಿಯಲ್ಲಿ ಬಂದು ನಿಂತಿದ್ದರು. ಯಾರೂ ಕಾಗದ ಹರಿಯಲಿಲ್ಲ. ಅವನು ಪೊಲೀಸರ ಮನುಷ್ಯ. ಮೊದಲು ಬಾಗಿಲು ತೆರೆದವನೇ ಮೊದಲು ಠಾಣೆಗೆ ಹೋಗಿ ಉತ್ತರ ಕೊಡಬೇಕು. ಪೊಲೀಸರು ಬರುವ ತನಕ ಐವರೂ ಅಲ್ಲೇ ನಿಂತಿದ್ದರು.

"ಒಳ್ಳೆಯ ಜನ" ಎಂದು ನಾನು ನಕ್ಕೆ. ಮೇಡಂ ನಗಲಿಲ್ಲ.

ಕೆಲಸ ಏಳು ವಾರ ಹಿಡಿಯಿತು. ಗೋಡೆಗೆ ಆಧಾರವಾಗಿ ಕಬ್ಬಿಣದ ಸ್ಟಡ್ ಕಂಬಿ, ಅದಕ್ಕೆ ಹನ್ನೆರಡು ಎಂ.ಎಂ. ಜಿಪ್ಸಂ ಬೋರ್ಡ್, ಮೇಲೆ ಮಣ್ಣಿನ ಬಣ್ಣ. ನೆಲವನ್ನು ಅರ್ಧ ಮೀಟರ್ ಎತ್ತರಿಸಿ ಪ್ಲೈವುಡ್ ಹಾಸಿದೆವು. ಬಾಗಿಲಿನ ಕಾಗದಕ್ಕೆ ಮಾತ್ರ ನಾನು ಒಪ್ಪಲಿಲ್ಲ. ಶುಕ್ರವಾರ ಹತ್ತು ಹುಡುಗರು ಒಟ್ಟಿಗೆ ಬಂದರೆ ಕಾಗದ ಎಷ್ಟು ಹೊತ್ತು ಉಳಿದೀತು? ಮೇಡಂ ಬೇಡವೆಂದರೂ ಕೇಳದೆ ಕಾಗದದ ಹಿಂದೆ ಆರು ಎಂ.ಎಂ. ಪಾಲಿಕಾರ್ಬೊನೇಟ್ ಹಾಳೆ ಕೂರಿಸಿ ಗೇಣಿಗೊಂದು ಸ್ಕ್ರೂ ಬಿಗಿಸಿದೆ. ಸುತ್ತಿಗೆಯಿಂದ ಹೊಡೆದರೂ ಒಡೆಯದ ಹಾಳೆ ಅದು. ಒಳಗಿನ ಹೆಣವನ್ನು ಆಟಗಾರರು ಇಣುಕಿ ನೋಡಲು ಒಂದು ಸಣ್ಣ ತೂತು ಬಿಟ್ಟು, ಅದಕ್ಕೂ ಗಾಜು ಹಾಕಿದೆ.

ಬಾಗಿಲಿಗೆ ಎರಡು ಹಿಡಿತ. ಒಂದು, ಇನ್ನೂರ ಎಂಬತ್ತು ಕಿಲೋ ಎಳೆತ ತಡೆಯುವ ಮ್ಯಾಗ್ನೆಟ್ ಲಾಕ್. ಕಂಟ್ರೋಲ್ ರೂಮಿನ ಕೆಂಪು ಗುಂಡಿ ಒತ್ತಿದರೆ ಕರೆಂಟ್ ಹೋಗಿ ಅದು ಬಿಟ್ಟುಕೊಳ್ಳುತ್ತದೆ. ಇನ್ನೊಂದು, ಮೇಡಂ ಹೇಳಿದ ಹಿತ್ತಾಳೆ ಚಮಚ. ಆಟಗಾರರು ಮೂರು ಒಗಟು ಬಿಡಿಸಿದ ಮೇಲೆ ಚಮಚ ತಾನಾಗಿಯೇ ಬಳೆಯಿಂದ ಜಾರಬೇಕು. ಅದಕ್ಕೆ ನಮ್ಮ ಎಲೆಕ್ಟ್ರಿಷಿಯನ್ ಗುಜರಿಯಿಂದ ಕಾರಿನ ವೈಪರ್ ಮೋಟಾರ್ ತಂದು ಜೋಡಿಸಿದ್ದ.

ಈ ಎಲೆಕ್ಟ್ರಿಷಿಯನ್ ಮಂಗಳೂರಿನ ಕೊಂಕಣಿ ಕ್ರಿಶ್ಚಿಯನ್, ನಾನು ಕಾರ್ಕಳದ ತುಳುವ. ಫಿಂಟಾಸ್‌ನಲ್ಲಿ ಅಕ್ಕಪಕ್ಕದ ಕಟ್ಟಡದಲ್ಲಿ ಮನೆ, ಒಂದೇ ಕಾರಿನಲ್ಲಿ ಕೆಲಸಕ್ಕೆ ಹೋಗಿಬರುವುದು. ಅವನಿಗೆ ಸುಮ್ಮನೆ ಕೂತು ಗೊತ್ತಿಲ್ಲ. ಬಾಯಿ ನಿಂತರೆ ಕಾಲು ಅಲುಗುತ್ತಿರುತ್ತದೆ. ನನ್ನನ್ನು ಅವನು ಕರೆಯುತ್ತಿದ್ದುದು ಸಿಲಿಕಾನ್ ಮಾವ ಎಂದು. ತಪ್ಪೇನಿಲ್ಲ. ಈ ದೇಶದಲ್ಲಿ ಕೆಲಸ ಕಲಿತವನು ಸಂದಿಯನ್ನು ಕಂಡರೆ ಬಿಡಲಾರ. ಒಂದು ಕೂದಲಿನಷ್ಟು ಸಂದಿ ಇದ್ದರೆ ಎ.ಸಿ. ತಂಪು ಹೊರಗೆ, ಧೂಳಿನ ಗಾಳಿಯ ಮರಳು ಒಳಗೆ. ಸಿಲಿಕಾನ್ ಗನ್ ಹಿಡಿದುಕೊಂಡು ಗೋಡೆ, ಸೀಲಿಂಗ್, ಬಾಗಿಲಿನ ಚೌಕಟ್ಟು, ವೈರ್ ಹೋಗುವ ತೂತು ಎಲ್ಲವನ್ನೂ ಮುಚ್ಚುವುದು ನನ್ನ ಚಟ. ಆ ಕೋಣೆಯನ್ನೂ ಹಾಗೆಯೇ ಮುಚ್ಚಿದೆ. ಇಷ್ಟು ಚೆನ್ನಾಗಿ ಇನ್ಯಾವ ಕೋಣೆಯನ್ನೂ ಮುಚ್ಚಿರಲಿಲ್ಲ.

ಹೊಗೆಯದ್ದು ದೊಡ್ಡ ರಗಳೆಯಾಯಿತು. ಮೊದಲು ತಂದ ಫಾಗ್ ಮಷಿನ್ ಎಣ್ಣೆಯದ್ದು. ಕಾಗದಕ್ಕೆ ಕಲೆ ಬಿತ್ತು, ಫೈರ್ ಅಲಾರಂ ಎರಡು ಸಲ ಕೂಗಿತು. ಆಮೇಲೆ ಡ್ರೈ ಐಸ್ ಎಂದು ತೀರ್ಮಾನವಾಯಿತು. ಮೀನಿನ ಪಾರ್ಸಲ್‌ಗೆ ಹಾಕುವ ಆ ಹೊಗೆಯಾಡುವ ಮಂಜುಗಡ್ಡೆ. ನೆಲದ ಕೆಳಗೆ ಟ್ರೇಯಲ್ಲಿ ಬಿಸಿನೀರಿಟ್ಟು ಅದರಲ್ಲಿ ಹಾಕಿದರೆ ಹಾಸಿಗೆಯ ಸುತ್ತಲಿನ ಸೀಳುಗಳಿಂದ ಬೆಳ್ಳಗೆ ಏಳುತ್ತದೆ, ನೆಲಕ್ಕೇ ಅಂಟಿಕೊಂಡು ಹರಡುತ್ತದೆ. ಮೇಲಕ್ಕೆ ಹೋಗುವುದಿಲ್ಲ, ಅಲಾರಂ ಕೂಗುವುದಿಲ್ಲ. ನೋಡಿ ನಮಗೆಲ್ಲ ಬಹಳ ಖುಷಿಯಾಯಿತು. ಬಾಗಿಲು ತೆರೆದಿಟ್ಟುಕೊಂಡು ಎರಡು ಕಿಲೋ ಹಾಕಿ ನೋಡಿದ್ದೆವು. ಪೆಟ್ಟಿಗೆಯ ಮೇಲೆ ಗಾಳಿ ಆಡುವ ಜಾಗದಲ್ಲಿ ಮಾತ್ರ ಬಳಸಿ ಎಂದು ಅರೇಬಿಕ್‌ನಲ್ಲೂ ಇಂಗ್ಲಿಷಿನಲ್ಲೂ ಬರೆದಿತ್ತು. ಓದಿದ್ದೆ. ಗಾಳಿಗೆ ಎಕ್ಸಾಸ್ಟ್ ಫ್ಯಾನ್ ಇದೆಯಲ್ಲ ಎಂದುಕೊಂಡಿದ್ದೆ.

ಅತಿಥಿಗಳಿಗಾಗಿ ಇಟ್ಟ ಮೊದಲ ಪ್ರದರ್ಶನಕ್ಕೆ ಎರಡು ದಿನ ಇರುವಾಗ ಮಾಲೀಕರು ಒಳಗೆ ಬಂದು ಕಿವಿಗೊಟ್ಟು ನಿಂತರು. "ಹಳೇ ಮನೆಯಲ್ಲಿ ಈ ಗುಂಯ್ ಎಂಬ ಸದ್ದು ಏನು? ಇದು ಖಲಾಸ್ ಮಾಡು" ಎಂದರು. ನಾನು ಫ್ಯಾನ್ ಆಫ್ ಮಾಡಿದೆ. ಅಷ್ಟಕ್ಕೇ ಬಿಟ್ಟಿದ್ದರೂ ಆಗುತ್ತಿತ್ತು. ಫ್ಯಾನ್ ಇಲ್ಲದ ಡಕ್ಟಿನಿಂದ ಧೂಳು ಇಳಿಯುತ್ತದೆಂದು ಏಣಿ ಹತ್ತಿ ಅದರ ಬಾಯಿಗೂ ಅಲ್ಯೂಮಿನಿಯಂ ಟೇಪ್ ಹೊಡೆದೆ.

ಹೆಣಕ್ಕೆಂದು ತರಿಸಿದ್ದ ರಬ್ಬರ್ ಬೊಂಬೆ ಏರ್‌ಪೋರ್ಟಿನ ಕಸ್ಟಮ್ಸ್‌ನಲ್ಲಿ ಸಿಕ್ಕಿಬಿದ್ದಿತ್ತು. ಮನುಷ್ಯನ ಆಕಾರದ್ದು ಯಾಕೆ ಎಂದು ಅವರಿಗೆ ತಿಳಿಸಿ ಹೇಳುವಷ್ಟರಲ್ಲಿ ಪ್ರದರ್ಶನದ ದಿನ ಬಂದೇಬಿಡುತ್ತಿತ್ತು.

"ನಾನೇ ಮಲಗ್ತೇನೆ ಮಾರಾಯ" ಎಂದ ಎಲೆಕ್ಟ್ರಿಷಿಯನ್. "ಎರಡು ತಿಂಗಳಾಯ್ತು ಸರಿ ನಿದ್ರೆ ಮಾಡದೆ. ಕೆಲಸದ ಹೊತ್ತಲ್ಲಿ ಮಲಗು ಅಂತ ಹೇಳುವ ಕಂಪನಿ ಬೇರೆ ಎಲ್ಲಿ ಸಿಕ್ತದೆ?"

ಅವನ ಎತ್ತರ ನೂರ ಎಪ್ಪತ್ತೊಂದು. ನಕ್ಷೆಗೆ ಹೆಚ್ಚುಕಡಿಮೆ ಸರಿಹೋಯಿತು. ಹತ್ತಿಯ ಹಾಸಿಗೆಯ ಮೇಲೆ ಬಿಳಿ ನಿಲುವಂಗಿ ಹಾಕಿ ಮಲಗಿಸಿದೆವು. ಕಿವಿಯಲ್ಲಿ ಸಣ್ಣ ಇಯರ್‌ಫೋನ್, ಕೈಗೆಟುಕುವಲ್ಲಿ ಒಂದು ಕರೆಗಂಟೆಯ ಗುಂಡಿ. ಪ್ರದರ್ಶನದ ಹಿಂದಿನ ದಿನ ಸ್ವಲ್ಪ ಡ್ರೈ ಐಸ್ ಹಾಕಿ ಮಾಡಿದ ಅಭ್ಯಾಸದಲ್ಲಿ ಅವನ ಕಾಲಿನ ಹೆಬ್ಬೆರಳು ಅಲುಗುತ್ತಲೇ ಇತ್ತು. ಕಂಟ್ರೋಲ್ ರೂಮಿನಿಂದ ನಾನು ಬೈದೆ: "ಹೆಣ ಮಾರಾಯ ನೀನು. ಹೆಣಕ್ಕೆ ಬೆರಳು ಅಲುಗ್ತದಾ?"

ಹೊರಗೆ ಬಂದಾಗ ಅವನ ಮುಖ ಕೆಂಪಾಗಿತ್ತು. "ತಲೆ ಸಿಡೀತಾ ಉಂಟು. ಒಳಗೆ ಉಸಿರು ಎಷ್ಟು ಎಳೆದ್ರೂ ಸಾಕಾಗುದಿಲ್ಲ ನೋಡು" ಎಂದ.

"ಬೆಳಿಗ್ಗೆಯಿಂದ ಎಂತ ತಿಂದಿದ್ದಿ ನೀನು?" ಎಂದು ಒಂದು ಶವರ್ಮಾ ತರಿಸಿಕೊಟ್ಟೆ. ಗಾಳಿಯ ಕೆಲಸ ಮಾಡುವವನಿಗೆ ಆ ಮಾತು ಕೇಳಿದ ಕೂಡಲೇ ಮೈ ಜುಮ್ಮೆನ್ನಬೇಕಿತ್ತು. ನನಗೆ ಶವರ್ಮಾ ಹೊಳೆಯಿತು.

ಪ್ರದರ್ಶನ ಗುರುವಾರ ಸಂಜೆ ನಾಲ್ಕಕ್ಕೆ. ಮಾಲೀಕರ ಅತಿಥಿಗಳು ಆರು ಮಂದಿ, ಮೆಚ್ಚಿದರೆ ಇನ್ನೆರಡು ಕಡೆ ಇಂಥದ್ದೇ ಮನೆ ತೆರೆಯಲು ಬಂಡವಾಳ ಹಾಕುವವರು. ನನಗೆ ಅಂದು ಇನ್ನೊಂದು ಚಿಂತೆಯೂ ಇತ್ತು. ಇಲ್ಲಿ ಇರಲು ಬೇಕಾದ ಪರವಾನಗಿ, ನನ್ನ ಇಕಾಮಾ, ಮುಗಿಯಲು ಹನ್ನೊಂದು ದಿನ ಉಳಿದಿತ್ತು. ನವೀಕರಣದ ಕಾಗದ ಎರಡು ವಾರದಿಂದ ಮಾಲೀಕರ ಮೇಜಿನ ಮೇಲೆ ಸಹಿ ಇಲ್ಲದೆ ಕೂತಿತ್ತು. ಮಗಳು ಇಲ್ಲಿಯೇ ಹನ್ನೆರಡನೇ ಕ್ಲಾಸಿನಲ್ಲಿದ್ದಳು. ಪ್ರದರ್ಶನ ಚೆನ್ನಾಗಿ ಆಗಲಿ, ಆಮೇಲೆ ಮೆಲ್ಲಗೆ ನೆನಪಿಸುತ್ತೇನೆ ಎಂದುಕೊಂಡಿದ್ದೆ.

ಅತಿಥಿಗಳು ಜಗಲಿಗೆ ಬಂದರು. ಮೇಡಂ ಅವರ ಜೊತೆಗಿದ್ದು ಕಥೆ ಹೇಳತೊಡಗಿದರು. ನಾನೂ ಮಾಲೀಕರೂ ಕಂಟ್ರೋಲ್ ರೂಮಿನಲ್ಲಿ. ಎದುರಿಗೆ ಎರಡು ಪರದೆ, ಒಂದರಲ್ಲಿ ಜಗಲಿ, ಇನ್ನೊಂದರಲ್ಲಿ ಮುಚ್ಚಿದ ಕೋಣೆ. "ಹೊಗೆ ಸಾಕಾಗುವುದಿಲ್ಲ. ಜಾಸ್ತಿ, ಯಲ್ಲಾ" ಎಂದರು ಮಾಲೀಕರು. ನಾನು ಹಿಂದಿನಿಂದ ಹೋಗಿ ಒಲೆಯ ಬಾಯಿ ತೆರೆದು ಪೆಟ್ಟಿಗೆಯಲ್ಲಿದ್ದಷ್ಟನ್ನೂ ಟ್ರೇಗೆ ಸುರಿದೆ. ಆರು ಕಿಲೋ ಇದ್ದೀತು. ಒಲೆಯ ಬಾಯಿ ಮತ್ತೆ ಮುಚ್ಚಿದೆ. ಬಂದು ನೋಡುವಾಗ ಪರದೆಯಲ್ಲಿ ಹಾಸಿಗೆ ಬಿಳಿ ಹೊಗೆಯಲ್ಲಿ ಅರ್ಧ ಮುಳುಗಿತ್ತು. "ವಲ್ಲಾಹ್, ಬಹಳ ಚೆಂದ" ಎಂದರು ಮಾಲೀಕರು.

ಮೊದಲ ಒಗಟಿಗೇ ಅತಿಥಿಗಳು ಬಹಳ ಹೊತ್ತು ತೆಗೆದುಕೊಂಡರು. ಒಬ್ಬೊಬ್ಬರಾಗಿ ತೂತಿನಲ್ಲಿ ಇಣುಕುವುದು, ನಗುವುದು, ಹೆಣದ ಫೋಟೊ ತೆಗೆಯಲು ನೋಡುವುದು. ಪರದೆಯ ಮೂಲೆಯ ಗಡಿಯಾರ ನಾಲ್ಕು ಇಪ್ಪತ್ತಮೂರು ತೋರಿಸುವಾಗ ನನಗೆ ಹೊಳೆಯಿತು. ಹೆಬ್ಬೆರಳು ಅಲುಗುತ್ತಿಲ್ಲ.

ಮೊದಲು ಅನಿಸಿದ್ದು ಸಮಾಧಾನ. ಬೈದದ್ದು ನಾಟಿತು ಎಂದುಕೊಂಡೆ. ಆದರೆ ಕಣ್ಣು ಅಲ್ಲಿಂದ ಏಳಲಿಲ್ಲ. ಹದಿನಾಲ್ಕು ವರ್ಷದಿಂದ ಅವನ ಪಕ್ಕದಲ್ಲಿ ಕಾರು ಓಡಿಸಿದ್ದೇನೆ. ಜ್ವರ ಬಂದು ಮಲಗಿದಾಗಲೂ ಆ ಕಾಲು ನಿಂತದ್ದನ್ನು ನೋಡಿಲ್ಲ. ಮೈಕಿನಲ್ಲಿ ಮೆಲ್ಲಗೆ ಕರೆದೆ: "ಕೇಳ್ತದಾ? ಬೆರಳು ಅಲುಗಿಸು ಒಮ್ಮೆ."

ಏನೂ ಆಗಲಿಲ್ಲ. ಬ್ಯಾಟರಿ ಹೋಗಿರಬಹುದು. ಇಲ್ಲವೇ ನನ್ನ ಮೇಲೆ ಸೇಡು ತೀರಿಸಿಕೊಳ್ಳುತ್ತಿರಬಹುದು. ಅವನು ಅಂಥ ಪೋಕರಿ. ಮತ್ತೆ ಕರೆದೆ. "ಅಲುಗಿಸು ಮಾರಾಯ, ತಮಾಷೆ ಸಾಕು." ಮಾಲೀಕರು ನನ್ನ ಕಡೆ ತಿರುಗಿ ಏನು ಎಂದು ಕೇಳಿದರು. "ಏನಿಲ್ಲ ಸರ್, ಮೈಕ್ ಚೆಕ್" ಎಂದೆ.

ಏನಿಲ್ಲ ಎಂದೆ. ನನ್ನ ಬಾಯಿಯೇ ಹಾಗೆಂದಿತು. ಕೆಂಪು ಗುಂಡಿ ನನ್ನ ಕೈಯಿಂದ ಒಂದು ಗೇಣು ದೂರದಲ್ಲಿತ್ತು. ಒತ್ತಿದರೆ ದೀಪಗಳೆಲ್ಲ ಹೊತ್ತಿಕೊಳ್ಳುತ್ತವೆ, ಅತಿಥಿಗಳ ಆಟ ಮುಗಿಯುತ್ತದೆ. ಒಳಗೆ ಅವನು ಎದ್ದು ಕೂತು ನಗುತ್ತಿದ್ದರೆ? ಆ ಕಾಗದಕ್ಕೆ ಸಹಿ ಬೀಳುತ್ತದೆಯೇ? ಪರೀಕ್ಷೆಗೆ ಮೂರು ತಿಂಗಳಿರುವಾಗ ಮಗಳನ್ನು ಕರೆದುಕೊಂಡು ಎಲ್ಲಿಗೆ ಹೋಗಲಿ? ಇನ್ನು ಅರ್ಧ ನಿಮಿಷ ನೋಡೋಣ ಎಂದುಕೊಂಡೆ. ಅರ್ಧ ನಿಮಿಷ ಆದ ಮೇಲೆ ಮತ್ತೆ ಹಾಗೆಯೇ ಅಂದುಕೊಂಡೆ. ಅಷ್ಟು ಹೆದರಿದ್ದು ಜೀವಮಾನದಲ್ಲಿ ಅದೇ ಮೊದಲು. ಅದರಲ್ಲಿ ಅವನ ಬಗ್ಗೆ ಎಷ್ಟು, ನನ್ನ ಬಗ್ಗೆ ಎಷ್ಟು ಎಂದು ಕೇಳಿದರೆ ಉತ್ತರ ಹೇಳಲು ನಾಚಿಕೆಯಾಗುತ್ತದೆ.

ಆಗ ಇನ್ನೊಂದು ಪರದೆ ನೋಡಿದೆ. ಜಗಲಿಯಲ್ಲಿ ಕಾಗದದ ಬಾಗಿಲಿನ ಎದುರು ಆರು ಮಂದಿ ನಿಂತಿದ್ದರು. ಸುಮ್ಮನೆ ನಿಂತು ಒಳಗೆ ನೋಡುತ್ತಿದ್ದರು. ಅವರಿಗೆ ಪಾಪ ಏನೂ ಗೊತ್ತಿಲ್ಲ. ಗೊತ್ತಿದ್ದೂ ಕೂತವನು ನಾನೊಬ್ಬನೇ. ಮೇಡಂ ಹೇಳಿದ ಕಥೆಯ ಮನೆಯವರನ್ನು ಒಳ್ಳೆಯ ಜನ ಎಂದು ನಕ್ಕಿದ್ದವನೂ ನಾನೇ. ಗುಂಡಿ ಒತ್ತಿದೆ.

ದೀಪ ಹೊತ್ತಿತು, ಮ್ಯಾಗ್ನೆಟ್ ಬಿಟ್ಟ ಸದ್ದು ಕೇಳಿತು. ಓಡಿಹೋಗಿ ಬಾಗಿಲು ಎಳೆದೆ. ಬರಲಿಲ್ಲ. ಗುಂಡಿ ಒತ್ತಿದರೆ ಕರೆಂಟ್ ಹೋಗುವುದು ಮ್ಯಾಗ್ನೆಟ್‌ಗೆ ಮಾತ್ರವಲ್ಲ, ಚಮಚ ಎಳೆಯುವ ಮೋಟಾರಿಗೂ. ಗುಂಡಿಯನ್ನು ನಾವು ಪರೀಕ್ಷೆ ಮಾಡಿ ಟಿಕ್ ಹಾಕಿದ್ದು ಚಮಚ ಜೋಡಿಸುವ ಮೊದಲು. ಆಮೇಲೆ ಮತ್ತೊಮ್ಮೆ ನೋಡಬೇಕೆಂದು ಅವನಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ಹಿತ್ತಾಳೆ ಚಮಚ ಕಬ್ಬಿಣದ ಬಳೆಗಳಲ್ಲಿ ಗಟ್ಟಿಯಾಗಿ ಕೂತಿತ್ತು. ಕಾಗದಕ್ಕೆ ಗುದ್ದಿದೆ. ಕಾಗದ ಹರಿಯಿತು, ಹಿಂದಿನ ಹಾಳೆ ನನ್ನ ಮುಷ್ಟಿಯನ್ನು ಹಿಂದಕ್ಕೆ ದೂಡಿತು. ಅತಿಥಿಗಳಲ್ಲಿ ಒಬ್ಬರು ಚಪ್ಪಾಳೆ ತಟ್ಟಿದರು. ಇದೂ ಆಟದ ಭಾಗವೆಂದುಕೊಂಡಿದ್ದರು.

ಬಾಗಿಲು ಬಿಟ್ಟೆ. ಕಟ್ಟಿದವನಿಗೆ ಮಾತ್ರ ಗೊತ್ತಿರುವ ಒಂದು ವಿಷಯವಿತ್ತು. ಆ ಕೋಣೆಯಲ್ಲಿ ಗಟ್ಟಿ ಇದ್ದದ್ದು ಬಾಗಿಲು ಮಾತ್ರ, ಮಣ್ಣಿನಂತೆ ಕಾಣುವ ಗೋಡೆ ಬರೀ ಜಿಪ್ಸಂ. ಪಕ್ಕದ ಗೋಡೆಗೆ ಹೋಗಿ ಬೆರಳಿನಿಂದ ತಟ್ಟುತ್ತ ಎರಡು ಸ್ಟಡ್‌ಗಳ ನಡುವೆ ಪೊಳ್ಳು ಸದ್ದು ಬರುವಲ್ಲಿ ಹಿಮ್ಮಡಿಯಿಂದ ಒದ್ದೆ. ನಾಲ್ಕನೇ ಒದೆತಕ್ಕೆ ಹೊರಗಿನ ಬೋರ್ಡ್ ಮುರಿಯಿತು. ಒಳಗಿನ ಹತ್ತಿಯಂಥ ರಾಕ್‌ವೂಲ್ ಕಿತ್ತೆಸೆದು ಎರಡನೇ ಬೋರ್ಡ್ ಒದ್ದೆ. ತೂತಿನಿಂದ ಬಿಳಿ ಹೊಗೆ ನನ್ನ ಕಾಲಿನ ಮೇಲೆ ತಣ್ಣಗೆ ಹರಿಯಿತು.

ಬಗ್ಗಲು ಹೊರಟವನನ್ನು ಹಿಂದಿನಿಂದ ಮೇಡಂ ಅಂಗಿ ಹಿಡಿದು ನಿಲ್ಲಿಸಿದರು. ಅವರ ಮುಖ ಕಾಗದದ ಹಾಗೆ ಬಿಳಿಚಿಕೊಂಡಿತ್ತು. "ಮುಖ ಕೆಳಗೆ ತರಬೇಡಿ. ಉಸಿರು ಹಿಡಿದುಕೊಳ್ಳಿ. ನಿಂತೇ ಎಳೆಯಿರಿ" ಎಂದರು. ನೆಲಕ್ಕಂಟಿದ ಆ ಹೊಗೆಯೇ ಉಸಿರು ಕಟ್ಟಿಸುತ್ತಿದೆ ಎಂದು ಅವರಿಗೆ ಅರ್ಥವಾಗಿತ್ತು. ಉಸಿರು ಬಿಗಿಹಿಡಿದು ಅಡ್ಡವಾಗಿ ನುಸುಳಿ, ನಿಲುವಂಗಿಯ ಕೊರಳಪಟ್ಟಿಗೆ ಕೈ ಹಾಕಿ ಎಳೆದೆ. ತಲೆ ಹಿಂದಕ್ಕೆ ಜೋತುಬಿತ್ತು, ತುಟಿ ನೀಲಿಯಾಗಿತ್ತು. ಹೊರಗಿನಿಂದ ಅವನ ತೋಳು ಹಿಡಿದು ಎಳೆದುಕೊಂಡವರು ಮಾಲೀಕರು. ಅವರ ಬಿಳಿ ದಿಶ್‌ದಾಶಾ ಅಂಗಿಗೆ ಜಿಪ್ಸಂ ಪುಡಿ ಮೆತ್ತಿಹೋಗಿತ್ತು. ಅತಿಥಿಗಳಲ್ಲಿ ಒಬ್ಬರು ಎದೆ ಒತ್ತತೊಡಗಿದರು. ಆಂಬುಲೆನ್ಸ್‌ಗೆ ಕಾಯದೆ ಮಾಲೀಕರೇ ಅವನನ್ನು ತಮ್ಮ ಕಾರಿಗೆ ಹಾಕಿಕೊಂಡರು. ಎರಡನೇ ಸಿಗ್ನಲ್ ದಾಟುವಾಗ ಹಿಂದಿನ ಸೀಟಿನಲ್ಲಿ ನನ್ನ ಮಡಿಲಲ್ಲಿದ್ದ ತಲೆ ಒಮ್ಮೆ ದೊಡ್ಡದಾಗಿ ಉಸಿರೆಳೆಯಿತು. ನಾನು ಅತ್ತೆ.

ಆಸ್ಪತ್ರೆಯ ಕಾರಿಡಾರಿನಲ್ಲಿ ಮಾಲೀಕರು ಕೇಳಿದರು: "ನಾನು ನಿನ್ನ ಪಕ್ಕದಲ್ಲೇ ಇದ್ದೆ. ಏನು ಎಂದು ಕೇಳಿದೆ. ನನಗೆ ಯಾಕೆ ಹೇಳಲಿಲ್ಲ?" ಬೈಯುವ ದನಿಯಲ್ಲಿ ಕೇಳಿದ್ದಲ್ಲ. ಮಾರನೆಯ ದಿನ ಅವರೇ ಆ ಕೋಣೆಯನ್ನು ಕೆಡವಿಸಿದರು. ವಾರ ಕಳೆಯುವ ಮುಂಚೆ ನನ್ನ ಕಾಗದಕ್ಕೆ ಸಹಿಯೂ ಬಿತ್ತು. ನಾನು ಹೆದರಿದ್ದ ಮನುಷ್ಯ ಆ ಪಕ್ಕದ ಕುರ್ಚಿಯಲ್ಲಿ ಇರಲೇ ಇಲ್ಲ.

ಎಲೆಕ್ಟ್ರಿಷಿಯನ್ ಮೂರನೇ ದಿನ ಮನೆಗೆ ಬಂದ. ಕರೆಗಂಟೆ ಒತ್ತಲಿಲ್ಲ ಯಾಕೆ ಎಂದು ಕೇಳಿದೆ. "ಉಸಿರು ಜೋರು ಬರ್ಲಿಕ್ಕೆ ಶುರುವಾಯ್ತು. ಎದೆ ಏರಿಳಿಯುದು ಕಂಡ್ರೆ ಆಟ ಹಾಳಾಗ್ತದಲ್ಲ, ನೀನು ಬೈತಿ ಅಂತ ಬಿಗಿಹಿಡಿದೆ. ಇನ್ನೊಂದು ನಿಮಿಷ, ಇನ್ನೊಂದು ನಿಮಿಷ ಅಂತ" ಎಂದ. ಅವನ ಹೆಂಡತಿ ನರ್ಸ್. ಗಾಳಿಯಿಲ್ಲದ ಮೆದುಳು ಎಷ್ಟು ನಿಮಿಷ ತಡೆಯುತ್ತದೆಂದು ಅವಳಿಗೆ ಯಾರೂ ಹೇಳಿಕೊಡಬೇಕಿಲ್ಲ. ನನ್ನ ಎರಡೂ ಕೈ ಹಿಡಿದುಕೊಂಡು, "ಅಣ್ಣಾ, ನೀವು ನೋಡಿದ ಕೂಡ್ಲೇ ಗೋಡೆ ಒಡೆದದ್ದಕ್ಕೆ ಇವ್ರು ಉಳಿದದ್ದು. ಸ್ವಲ್ಪ ತಡ ಆಗಿದ್ರೆ ಮುಗೀತಿತ್ತು" ಎಂದಳು. ಅಂದಿನಿಂದ ಪ್ರತಿ ಶುಕ್ರವಾರ ಅವರ ಮನೆಯಿಂದ ನಮಗೆ ಸಾನ್ನಾ ಎಂಬ ಅವರ ಇಡ್ಲಿ, ಕೋಳಿ ಸಾರು ಬರತೊಡಗಿತು. ನನ್ನ ಪಾಲನ್ನು ನಾನು ಮಗಳ ತಟ್ಟೆಗೆ ಹಾಕುತ್ತಿದ್ದೆ.

ಕ್ಯಾಮೆರಾದ ರೆಕಾರ್ಡಿಂಗ್ ನೋಡಿ ವರದಿ ಬರೆಯುವ ಕೆಲಸ ನನಗೇ ಬಂದಿತ್ತು. ನಾಲ್ಕು ಇಪ್ಪತ್ತಮೂರಕ್ಕೆ ನಾನು ಮೊದಲು ಕರೆದದ್ದು. ಗುಂಡಿ ಒತ್ತಿದ್ದು ನಾಲ್ಕು ಇಪ್ಪತ್ತೇಳಕ್ಕೆ. ವರದಿಯಲ್ಲಿ ಎರಡನ್ನೂ ಬರೆದೆ. ಅದನ್ನು ಯಾರೂ ಕೂಡಿಸಿ ಕಳೆದು ನೋಡಲಿಲ್ಲ.

ಐದನೇ ಶುಕ್ರವಾರ ತಡೆಯಲಾಗಲಿಲ್ಲ. ಬೆಳಿಗ್ಗೆ ಫಿಂಟಾಸ್ ಸಮುದ್ರದ ಬದಿಯಲ್ಲಿ ನಡೆಯುವಾಗ ಅವನಿಗೆ ಎಲ್ಲವನ್ನೂ ಹೇಳಿದೆ. ಬೆರಳು ನಿಂತದ್ದು ಕಂಡದ್ದು, ಏನಿಲ್ಲ ಸರ್ ಎಂದದ್ದು, ಇಕಾಮಾ, ಮಗಳ ಪರೀಕ್ಷೆ, ಕೈ ಗುಂಡಿಯ ಹತ್ತಿರವೇ ಇದ್ದದ್ದು.

ಅವನು ಕಲ್ಲಿನ ಕಟ್ಟೆಯ ಮೇಲೆ ಕೂತ. "ಎಷ್ಟು ಹೊತ್ತು?" ಎಂದ.

"ನಾಲ್ಕು ನಿಮಿಷ."

ಹೊಡೆಯುತ್ತಾನೆ ಎಂದುಕೊಂಡೆ, ಹೊಡೆಯಲಿ ಎಂದೂ ಆಸೆಯಾಯಿತು.

"ಒಳಗೆ ನೀನು ಮಲಗಿ, ಹೊರಗೆ ನಾನು ಕೂತಿದ್ರೆ, ನಾನೂ ಕಾಯ್ತಿದ್ದೆ ಮಾರಾಯ" ಎಂದ. "ನಾಲ್ಕಲ್ಲ, ಇನ್ನೂ ಜಾಸ್ತಿ."

ಎದ್ದು ಪ್ಯಾಂಟಿನ ಮರಳು ಕೊಡವಿಕೊಂಡ.

"ನಿನ್ನ ನಾಲ್ಕು ನಿಮಿಷ ಬೇಕಾದ್ರೆ ನನ್ನ ಹೆಂಡತಿಗೆ ಹೇಳು. ನಾನೀಗ ಹೇಳಿದ್ದು ಹೇಳ್ಬೇಡ."